ಕರಿಬಂಡೆಯ ಅಡ್ಡ ಗೀರು

ಏಪ್ರಿಲ್ 6

ಪುಟ್ಟಾ,

ವಾಪಸ್ ಬಂದ್ವಿ. ಹದಿನೆಂಟು ಮನೆಗಳ ಬೀಗವೂ ನಿನ್ನೆ ತೆಗೆದಾಯ್ತು. ಆರು ತಿಂಗಳು ಕೆಳಗಿನ ಪೇಟೆಯ ಗೋದಾಮಿನಲ್ಲಿ ಗೋಣಿತಟ್ಟು ಅಡ್ಡ ಕಟ್ಟಿಕೊಂಡು, ಒಬ್ಬರ ಗೊರಕೆ ಇನ್ನೊಬ್ಬರು ಕೇಳಿಸಿಕೊಂಡು ಬದುಕಿದ್ದೀವಿ. ಸ್ವಂತ ಬಾಗಿಲು ಹಾಕಿಕೊಂಡು ಮಲಗೋ ಸುಖ ನಿನಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡು. ಸೊಸೆಗೆ ಈಗ ನಾಲ್ಕು ತಿಂಗಳು. ಅವಳು ಬಂದವಳೇ ಒಲೆ ಮುಂದೆ ಕೂತು ಅತ್ತುಬಿಟ್ಟಳು.

ಗುಡ್ಡ ಬಿರುಕು ಬಿಟ್ಟಿದೆ ಅಂತ ನಮ್ಮನ್ನ ಎಬ್ಬಿಸಿದ್ದೂ ನಿಮ್ಮ ಆಫೀಸು, ಈಗ ಹೋಗಬಹುದು ಅಂತ ಕಾಗದ ಕೊಟ್ಟಿದ್ದೂ ನಿಮ್ಮ ಆಫೀಸು. ಅದರ ಕೆಳಗೆ ನಿನ್ನ ಸಹಿ ನೋಡಿದ ಮೇಲೆ ನಮ್ಮ ರಸ್ತೆ ರಿಪೇರಿ ಗ್ಯಾಂಗಿನವರು ನನ್ನನ್ನ ಮೇಸ್ತ್ರಿ ಅನ್ನೋದೇ ಬಿಟ್ಟಿದ್ದಾರೆ. 'ಸಾಹೇಬರ ಅಕ್ಕ' ಅಂತೆ. ರಸ್ತೆ ಮೇಲೆ ಬಿದ್ದ ಕಲ್ಲು ಎತ್ತಿ ಹಾಕೋದು ಅಕ್ಕನ ಕೆಲಸ, ಯಾಕೆ ಬಿತ್ತು ಅಂತ ಯೋಚನೆ ಮಾಡೋದು ತಮ್ಮನ ಕೆಲಸ, ಚೆನ್ನಾಗಿ ಹಂಚಿಕೊಂಡಿದ್ದೀರಿ ಅಂತ ನಗ್ತಾರೆ. ನಗಲಿ. ನನಗೂ ಒಳಗೊಳಗೇ ಹೆಮ್ಮೆ.

ನೀನು ಹೇಳಿದ ಹಾಗೆ ಇವತ್ತು ಭಾನುವಾರ ಮೇಲೆ ಹತ್ತಿ ಬಿರುಕಿನ ಆಚೀಚೆಯ ಎರಡು ಮೊಳೆಗಳ ನಡುವೆ ಟೇಪು ಹಿಡಿದೆ. ನಾಲ್ಕು ಮೀಟರ್ ಹನ್ನೆರಡು ಸೆಂಟಿಮೀಟರ್ ಆರು ಮಿಲಿಮೀಟರ್. ನೀನು ಹೊಡೆದ ದಿನ ಎಷ್ಟಿತ್ತೋ ಅಷ್ಟೇ. ಪ್ರತಿ ಭಾನುವಾರ ಹತ್ತಿ ಕಾರ್ಡು ಹಾಕ್ತೀನಿ. ಫೋನಿನ ಕಂಬ ಹೋದ ವರ್ಷ ಕಲ್ಲಿನ ಜೊತೆ ಹೋದದ್ದು ಇನ್ನೂ ಎದ್ದಿಲ್ಲ, ಬಸ್ಸಿನ ಟಪಾಲೇ ಗತಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಏಪ್ರಿಲ್ 19

ಅಕ್ಕಾ,

ಕಾಗದ ತಲುಪಿತು. ನೀವೆಲ್ಲ ಮನೆ ಸೇರಿದ್ದು ಓದಿ ಎದೆಯ ಮೇಲಿನ ಭಾರ ಇಳಿಯಿತು. ಇಲ್ಲಿ ಕೂತು ಸಹಿ ಹಾಕುವುದು ಸುಲಭ, ಹಾಕಿದ ಮೇಲೆ ನಿದ್ದೆ ಬರುವುದು ಕಷ್ಟ. ಅದರಲ್ಲೂ ಆ ಕಾಗದದ ಕೆಳಗೆ ಮಲಗುವವಳು ನೀನು.

ಗ್ಯಾಂಗಿನವರು ಕೇಳಿದರೆ ಹೀಗೆ ಹೇಳು. ಒಂದು ಮೊಳೆ ಬಿರುಕಿನ ಕೆಳಗಡೆ ಇದೆ. ಇನ್ನೊಂದು ಬಿರುಕಿನ ಮೇಲ್ಗಡೆ, ಆ ಕರಿಬಂಡೆಯಲ್ಲಿ. ಕರಿಬಂಡೆ ಗುಡ್ಡದ ಬೆನ್ನೆಲುಬು, ಅದು ಅಲುಗುವುದಿಲ್ಲ. ಕೆಳಗಿನ ಮಣ್ಣು ಜಾರಿದರೆ ಎರಡು ಮೊಳೆಗಳ ನಡುವಿನ ಅಂತರ ಹೆಚ್ಚಬೇಕು. ಹೆಚ್ಚಿಲ್ಲ ಅಂದರೆ ಜಾರಿಲ್ಲ. ಇಷ್ಟೇ ವಿದ್ಯೆ.

ಬಂಡೆಯ ಮೇಲಿನ ಗೀರುಗಳನ್ನು ನಿನಗೆ ತೋರಿಸಿದ್ದೆನಲ್ಲ. ಸಾವಿರಾರು ವರ್ಷಗಳ ಹಿಂದೆ ಆ ಕಣಿವೆಯ ತುಂಬ ಮಂಜುಗಡ್ಡೆಯಿತ್ತು. ನಿಮ್ಮ ಛಾವಣಿಯಿಂದ ಇನ್ನೂರು ಆಳು ಎತ್ತರದವರೆಗೆ. ಅದು ದಿನಕ್ಕೆ ಅಷ್ಟಿಷ್ಟು ಜಾರುತ್ತ ಹೋಗುವಾಗ ಅದರ ತಳಕ್ಕೆ ಸಿಕ್ಕಿದ ಕಲ್ಲುಗಳು ಬಂಡೆಗಳ ಮೇಲೆ ಎಳೆದ ಗೀರುಗಳು ಅವು. ಅಷ್ಟು ಭಾರ ಹೊತ್ತೂ ಕದಲದ ಬಂಡೆ ನಮ್ಮ ಮೊಳೆಗೆ ಕದಲುತ್ತದೆಯೇ? ನಿಶ್ಚಿಂತೆಯಿಂದಿರು.

ನಿನ್ನ ಮಂಡಿನೋವು ಹೇಗಿದೆ? ಬರೆಯಲೇ ಇಲ್ಲ.

ಪುಟ್ಟ


ಮೇ 14

ಪುಟ್ಟಾ,

ಅಳತೆ ಅಷ್ಟೇ ಇದೆ. ಆದ್ರೆ ಅಳತೆ ಬಿಟ್ಟು ಬೇರೆ ಮಾತು ಇವತ್ತು ಬರೀಬೇಕು.

ಮೂರು ಮನೆ ಬಾಗಿಲು ಚೌಕಟ್ಟಿಗೆ ಉಜ್ಜೋಕೆ ಶುರುವಾಗಿವೆ. ಒಂದು ಸಲ ಹೆರೆಸಿದೆ, ಹದಿನೈದು ದಿನಕ್ಕೆ ಮತ್ತೆ ಅದೇ ಕಿರಿಕಿರಿ. ಹಳ್ಳದ ಆಚೆಯ ಊಟೆಯಿಂದ ನೀರು ತರೋ ಪೈಪು ಒಂದೇ ಜಾಗದಲ್ಲಿ ಪದೇ ಪದೇ ಕಳಚಿಕೊಳ್ತಿದೆ. ಕಟ್ಟಿಸ್ತೀನಿ, ಕಳಚುತ್ತೆ, ಕಟ್ಟಿಸ್ತೀನಿ.

ಇನ್ನೊಂದು ತಲೆನೋವು ಗೊಣಗಣ್ಣನದು. ಗೊತ್ತಲ್ಲ, ನಮ್ಮ ಗ್ಯಾಂಗಿನ ಹಳಬ, ಬಿಸಿಲಿಗೂ ಗೊಣಗ್ತಾನೆ, ನೆರಳಿಗೂ ಗೊಣಗ್ತಾನೆ. ರಸ್ತೆ ಅಂಚಿಗೆ ಸುಣ್ಣ ಬಳಿದ ಕಲ್ಲು ಸಾಲಾಗಿ ಇಡ್ತೀವಲ್ಲ, ಮೂವತ್ತು ವರ್ಷದಿಂದ ಅದಕ್ಕೆ ದಾರ ಹಿಡಿಯೋನು ಅವನೇ. ಸೇತುವೆ ಕಂಬಕ್ಕೆ ಒಂದು ತುದಿ, ಮೋರಿ ಕಟ್ಟೆಗೆ ಇನ್ನೊಂದು ತುದಿ ಕಟ್ಟಿ ನೆಟ್ಟಗೆ ಇಡ್ತಿದ್ದ. ಈ ಸಲ ನಮ್ಮ ಮನೆಗಳ ಕೆಳಗೆ ಬರೋ ಹೊತ್ತಿಗೆ ಸಾಲು ಹೊಳೆ ಕಡೆಗೆ ಹೊಟ್ಟೆ ಬಿಟ್ಟಿದೆ. ಕೀಳಿಸಿ ಮತ್ತೆ ಇಡಿಸಿದೆ. ಎರಡು ವಾರಕ್ಕೆ ಮತ್ತೆ ಡೊಂಕು. ಬಾಯಿಗೆ ಬಂದ ಹಾಗೆ ಬೈದೆ. ಎಲ್ಲರ ಮುಂದೆ, ನಿನ್ನ ಕಣ್ಣಿಗೆ ಪೊರೆ ಬಂದಿದೆ ಅಂದು ದಾರ ಕಿತ್ತುಕೊಂಡು ಕಲ್ಲು ಹೊರೋಕೆ ಹಾಕಿದೆ. ಅವತ್ತಿನಿಂದ ಗೊಣಗೋದೇ ನಿಲ್ಲಿಸಿದ್ದಾನೆ. ಅದು ಇನ್ನೂ ಹಿಂಸೆ.

ಒಂದು ಮಾತು ಕೇಳ್ತೀನಿ. ನೀನಾಗಿದ್ರೆ ಈ ಮನೆಯಲ್ಲಿ ಮಲಗ್ತಿದ್ದೆಯಾ? ಹೌದು, ಇಲ್ಲ, ಎರಡರಲ್ಲಿ ಒಂದು ಬರಿ.

ಅಕ್ಕ


ಮೇ 24

ಅಕ್ಕಾ,

ಆರು ತಿಂಗಳು ಮುಚ್ಚಿದ್ದ ಮನೆಗಳ ಬಾಗಿಲು ಉಬ್ಬುವುದು, ಸೊಟ್ಟಗಾಗುವುದು ಇದ್ದದ್ದೇ. ಪೈಪು ಹಳೆಯದು. ನಿನ್ನ ಗೊಣಗಣ್ಣನಿಗೆ ವಯಸ್ಸಾಗಿದೆ. ಒಂದೊಂದಕ್ಕೂ ಒಂದೊಂದು ಕಾರಣವಿದೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಗುಡ್ಡದ ತಲೆಗೆ ಹೊರಿಸಬೇಡ. ಆರೇಳು ತಿಂಗಳಲ್ಲಿ ಮೊಳೆಗಳ ಅಂತರ ಎಳ್ಳಷ್ಟೂ ಬದಲಾಗಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಮತ್ತೊಂದು ವಿನಂತಿ. ಇದನ್ನೆಲ್ಲ ಗ್ಯಾಂಗಿನವರ ಮುಂದೆ ಆಡಿ ದಿಗಿಲು ಹಬ್ಬಿಸಬೇಡ. ನಮ್ಮ ದೊಡ್ಡ ಸಾಹೇಬರು ಆ ವರದಿಯನ್ನು ಮೀಟಿಂಗಿನಲ್ಲಿ ಎತ್ತಿ ತೋರಿಸಿ, ಕೆಲಸ ಅಂದರೆ ಹೀಗಿರಬೇಕು ಅಂದರು. ಈಗ ಸಾಹೇಬರ ಅಕ್ಕನೇ ಹೆದರಿದ್ದಾಳಂತೆ ಅಂತ ಸುದ್ದಿಯಾದರೆ ನನ್ನ ಮುಖ ಎಲ್ಲಿಡಲಿ?

ಬೇಸರ ಮಾಡಿಕೊಳ್ಳಬೇಡ.

ಪುಟ್ಟ


ಜೂನ್ 15

ಅಳತೆ: 4-12-6. ಹೋದ ವಾರ: 4-12-6. ಅದರ ಹಿಂದಿನದೂ ಅದೇ.

ಬಿಳಿಕಲ್ಲಿನ ಸಾಲು ಈ ಸಲ ನಾನೇ ದಾರ ಹಿಡಿದು ಕೈಯಾರೆ ಇಟ್ಟಿದ್ದೀನಿ. ನೆಟ್ಟಗಿದೆ. ದಿಗಿಲು ಯಾರಿಗೂ ಹಬ್ಬಿಸಿಲ್ಲ.

ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮೇಸ್ತ್ರಿ


ಜೂನ್ 27

ಅಕ್ಕಾ,

ನಿನ್ನ ಸಿಟ್ಟು ಗೊತ್ತಾಯಿತು. 'ಮೇಸ್ತ್ರಿ' ಅಂತ ಸಹಿ ಹಾಕಿದ್ದನ್ನು ಎರಡು ಸಲ ಓದಿದೆ. ಅಮ್ಮ ಹೋದ ಮೇಲೆ ನಿನ್ನ ಹೆಗಲ ಮೇಲೆ ಬೆಳೆದವನು ನಾನು. ನಿನಗೆ ಹಾಗೆ ಬರೆಯಬಾರದಿತ್ತು.

ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ. ನಿನ್ನ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಏಪ್ರಿಲ್‌ನಲ್ಲಿ ಒಂದು ವಾರ 4-12-5, ಒಂದು ವಾರ 4-12-7 ಅಂತ ಬರೆದಿದ್ದೀಯ. ಹಾಗೇ ಇರಬೇಕು. ಬಿಸಿಲಿಗೆ ಟೇಪು ಕೂದಲಷ್ಟು ಹಿಗ್ಗುತ್ತದೆ, ಹಿಡಿದ ಕೈ ನಡುಗುತ್ತದೆ, ಮಿಲಿಮೀಟರ್ ಆಚೀಚೆ ಆಗಿಯೇ ತೀರುತ್ತದೆ. ಆದರೆ ಮೇ ಹದಿನೈದರಿಂದೀಚೆಗೆ ಆರು ವಾರವೂ 4-12-6. ಒಂದೇ ಒಂದು ಸಲ ಅತ್ತಿತ್ತ ಇಲ್ಲ.

ಹೇಗೆ ಕೇಳಬೇಕೋ ತಿಳಿಯುತ್ತಿಲ್ಲ. ನೀನು ಮೇಲೆ ಹತ್ತುತ್ತಿದ್ದೀಯ ತಾನೇ?

ಪುಟ್ಟ


ಜುಲೈ 5

ಪುಟ್ಟಾ,

ಇಲ್ಲ. ಹತ್ತಿಲ್ಲ.

ನಿನ್ನ ಕಾಗದ ಓದಿ ಸಿಕ್ಕಿಬಿದ್ದ ಕಳ್ಳಿ ಹಾಗೆ ಆಯ್ತು. ಮೇ ತಿಂಗಳಲ್ಲಿ ಮಂಡಿ ಊದಿಕೊಂಡು ಮೆಟ್ಟಿಲು ಇಳಿಯೋಕೂ ಆಗ್ತಿರಲಿಲ್ಲ. ಬೇರೆಯವರನ್ನ ಕಳಿಸಿದ್ರೆ ಸಾಹೇಬರ ಅಕ್ಕನಿಗೆ ಕೈಲಾಗಲ್ಲ ಅಂತಾರೆ ಅನ್ನೋ ಜಂಬ. ಹೇಗೂ ಬದಲಾಗಲ್ಲ ಅಂತ ನೀನೇ ಬರೆದಿದ್ದೆಯಲ್ಲ, ಒಂದು ವಾರ ಹಾಗೇ ಬರೆದು ಹಾಕಿದೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಮಂಡಿ ವಾಸಿಯಾದ್ರೂ ಹತ್ತಲಿಲ್ಲ. ಹದಿನೆಂಟು ಮನೆಯ ಜೀವ ಇಟ್ಟುಕೊಂಡು ಆಟ ಆಡಿದೆ. ನನ್ನ ಮುಖಕ್ಕೆ ನಾನೇ ಉಗಿದುಕೊಂಡಿದ್ದಾಯ್ತು, ನೀನು ಬೇರೆ ಉಗೀಬೇಡ.

ಇವತ್ತು ಬೆಳಗ್ಗೆ ಕೋಲು ಹಿಡಿದು ಹತ್ತಿದೆ. ಈಗ ಒಂದು ಮೊಳ ಹೆಚ್ಚಾಗಿರುತ್ತೆ, ನನ್ನಿಂದಲೇ ಎಲ್ಲ ಹಾಳಾಯ್ತು ಅಂದುಕೊಂಡು ಟೇಪು ಹಿಡಿದೆ. 4-12-6. ಮತ್ತೆ ಹಿಡಿದೆ. 4-12-5. ನಾನು ಬರೆದ ಸುಳ್ಳೇ ನಿಜವಾಗಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ ಪುಟ್ಟಾ. ಹತ್ತುವಾಗ ಕಾಲುದಾರಿ ನಾಲ್ಕು ಕಡೆ ಮೆಟ್ಟಿಲು ಹಾಗೆ ಕುಸಿದಿದ್ದು ಕಣ್ಣಾರೆ ನೋಡಿದ್ದೆ. ಗಿಡಗಳೆಲ್ಲ ಒಂದೇ ಕಡೆ ವಾಲಿವೆ. ಟೇಪು ಮಾತ್ರ ಏನೂ ಆಗಿಲ್ಲ ಅನ್ನುತ್ತೆ.

ಏನು ಮಾಡಬೇಕೋ ತೋಚದೆ ಕರಿಬಂಡೆಗೆ ಒರಗಿ ಕೂತೆ. ನೀನು ತೋರಿಸಿದ ಗೀರುಗಳ ಮೇಲೆ ಸುಮ್ಮನೆ ಬೆರಳಾಡಿಸ್ತಿದ್ದೆ. ಒಂದು ಕೇಳ್ತೀನಿ, ಓದಿದೋನು ನೀನು. ಸೇತುವೆ ಆಚೆ ಮೂರು ದೊಡ್ಡ ಬಂಡೆ ಇವೆಯಲ್ಲ, ಅವುಗಳ ಮೇಲೂ ಇದೇ ಗೀರಿದೆ, ಮೂರರಲ್ಲೂ ಹೊಳೆ ಹರಿಯೋ ದಿಕ್ಕಿಗೇ ಇದೆ. ಮಂಜುಗಡ್ಡೆ ಹೊಳೆ ಹಾಗೆ ಕೆಳಗೆ ಹೋಯ್ತು ಅಂತ ನೀನೇ ಹೇಳಿದ್ದೆ. ಹಾಗಿದ್ರೆ ಕರಿಬಂಡೆ ಮೇಲಿನ ಗೀರು ಯಾಕೆ ಅಡ್ಡ ಇವೆ? ಗುಡ್ಡದಿಂದ ನೇರ ನಮ್ಮ ಛಾವಣಿ ಕಡೆಗೆ ಇಳಿದಿವೆ. ದಾರ ಹಿಡಿದು ನೋಡಿದೆ, ಪಕ್ಕಾ ಅಡ್ಡ.

ನನ್ನ ತಲೆಗೆ ಹೋಗಲಿಲ್ಲ. ಬೇಗ ಬರಿ.

ಅಕ್ಕ


ಜುಲೈ 9

ಅಕ್ಕಾ,

ಈ ಕಾಗದ ಓದಿದ ಕೂಡಲೇ ಎಲ್ಲರನ್ನೂ ಎಬ್ಬಿಸಿ ಹೊರಡು. ಉಳಿದದ್ದನ್ನು ಆಮೇಲೆ ಓದು.

ಸೇತುವೆಯ ಆಚೆ ಆ ಮೂರು ಬಂಡೆಗಳ ಹಿಂದೆ ಬಯಲಿದೆ. ಅಲ್ಲಿಗೆ ಹೋಗಿ. ಅವು ಇದ್ದ ಜಾಗದಲ್ಲೇ ಇರುವ ಬಂಡೆಗಳು, ಅದಕ್ಕೇ ಗೀರು ಹೊಳೆಯ ಜೊತೆ ಸಾಗಿದೆ. ಕರಿಬಂಡೆ ಹಾಗಲ್ಲ. ಅದು ಗುಡ್ಡದ ಬೆನ್ನೆಲುಬಲ್ಲ ಅಕ್ಕಾ. ಮಂಜುಗಡ್ಡೆ ಎಲ್ಲಿಂದಲೋ ಹೊತ್ತು ತಂದು, ಕರಗುವಾಗ ಮಣ್ಣು ಕಲ್ಲಿನ ರಾಶಿಯ ಮೇಲೆ ಬಿಟ್ಟುಹೋದ ಒಂಟಿ ಕಲ್ಲು. ಬರುವಾಗ ಹೊರಳಿದೆ, ಅದಕ್ಕೇ ಗೀರು ಅಡ್ಡ. ಅದು ಕೂತಿರುವ ರಾಶಿಯೇ ಜಾರುತ್ತಿದ್ದರೆ ಬಂಡೆಯೂ ಜೊತೆಗೆ ಜಾರುತ್ತದೆ. ಎರಡು ಮೊಳೆಗಳೂ ಒಂದೇ ಬಸ್ಸಿನಲ್ಲಿ ಕೂತ ಹಾಗೆ. ಅವುಗಳ ನಡುವಿನ ಅಂತರ ಹೇಗೆ ಹೆಚ್ಚಬೇಕು? ನೀನು ಪ್ರತಿ ಭಾನುವಾರ ಹತ್ತಿದ್ದರೂ ಇದೇ ಸಂಖ್ಯೆ ಬರುತ್ತಿತ್ತು. ತಪ್ಪು ನಿನ್ನದಲ್ಲ.

ತಪ್ಪು ಯಾರದು ಅಂತ ನಿನ್ನೆ ಸಂಜೆ ನನ್ನ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಮೊಳೆ ಹೊಡೆದ ದಿನದ ಪುಟದಲ್ಲಿ ನನ್ನದೇ ಕೈಬರಹ: 'ಗೀರು ಅಡ್ಡ. ಪಕ್ಕದ ಕಣಿವೆಯಿಂದ ಬಂದ ಮಂಜುಗಡ್ಡೆ ಇರಬಹುದೇ?' ಅಂದರೆ ನೋಡಿದ್ದೆ. ಅನುಮಾನವೂ ಬಂದಿತ್ತು. ಮಳೆ ಮೋಡ ಕಟ್ಟುತ್ತಿತ್ತು, ಕೂಲಿಯವರು ಅವಸರ ಮಾಡುತ್ತಿದ್ದರು, ಅಷ್ಟು ಚೆಂದದ ಬಂಡೆ ಸಿಕ್ಕಿತಲ್ಲ ಅಂತ ಸಂತೋಷವೂ ಇತ್ತು. ವರದಿ ಬರೆಯುವ ಹೊತ್ತಿಗೆ ಆ ಪ್ರಶ್ನೆಯೇ ಬಿಟ್ಟುಹೋಗಿತ್ತು. ನಾನೇ ಬಿಟ್ಟೆ.

ಬೆಳಗ್ಗೆ ದೊಡ್ಡ ಸಾಹೇಬರ ಮುಂದೆ ನಿಂತು ಹೇಳಿದೆ. 'ಒಂದು ಮಿಲಿಮೀಟರ್ ಕದಲಿಲ್ಲ ಅಂತ ನಿನ್ನ ಅಂಕಿಯೇ ಹೇಳುತ್ತಿದೆ. ಗ್ಯಾಂಗ್ ಮೇಸ್ತ್ರಿ ಗೀರು ನೋಡಿದಳು ಅಂತ ಸರ್ಕಾರಿ ವರದಿ ವಾಪಸ್ ತಗೊಳ್ಳಬೇಕಾ?' ಅಂದರು. ನಿಮ್ಮ ರಸ್ತೆ ಇಂಜಿನಿಯರಿಗೆ ವೈರ್‌ಲೆಸ್ ಮಾಡಿದೆ. ಹೊಸ ವರದಿ, ಸಾಹೇಬರ ಸಹಿ, ಎರಡೂ ಬರಲಿ ಅಂದರು. ಅದಕ್ಕೆ ಇದನ್ನು ಬಸ್ಸಿನ ಡ್ರೈವರ್ ಕೈಗೇ ಕೊಟ್ಟು ಕಾಲು ಹಿಡಿಯುವುದೊಂದು ಬಾಕಿ ಅನ್ನುವ ಹಾಗೆ ಬೇಡಿಕೊಂಡಿದ್ದೇನೆ. ಯಾರ ಅಪ್ಪಣೆಗೂ ಕಾಯಬೇಡ. ನನ್ನ ತಮ್ಮ ತಪ್ಪು ಮಾಡಿದ ಅಂತ ಎಲ್ಲರಿಗೂ ಹೇಳು.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನಾನು ಮಲಗುವುದಿಲ್ಲ.

ಪುಟ್ಟ


ಜುಲೈ 17

ಪುಟ್ಟಾ,

ಎಲ್ಲರೂ ಬಯಲಲ್ಲಿದ್ದೀವಿ. ಮೊದಲು ಅದನ್ನ ತಿಳಿದುಕೊಂಡು ಆಮೇಲೆ ಓದು.

ಸುಲಭಕ್ಕೆ ಆಗಲಿಲ್ಲ. ಹನ್ನೆರಡನೇ ತಾರೀಕು ಮಧ್ಯಾಹ್ನ ನಿನ್ನ ಕಾಗದ ಬಂತು. ಎಲ್ಲರನ್ನೂ ಶಾಲೆ ಕೋಣೆಗೆ ಕರೆದು ಓದಿ ಹೇಳಿದೆ. ರೋಲರ್ ಡ್ರೈವರ್ ನಕ್ಕುಬಿಟ್ಟ. 'ಅವನ ಸಹಿ ನಂಬಿ ಬಂದ್ವಿ, ಈಗ ಅವನ ಕಾಗದ ನಂಬಿ ಹೋಗಬೇಕಾ? ನಾಳೆ ಇನ್ನೊಂದು ಬರುತ್ತೆ, ಮತ್ತೆ ಬರಬೇಕಾ? ನಾವೇನು ಕೇರಂ ಕಾಯಾ?' ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಅಡ್ಡ ಗೀರು, ಉದ್ದ ಗೀರು ಅಂದ್ರೆ ಯಾರಿಗೆ ಅರ್ಥ ಆಗುತ್ತೆ? ಹೆಂಗಸರು ಗೋದಾಮು ಅಂದ ತಕ್ಷಣ ಮುಖ ತಿರುಗಿಸಿದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಸುಮ್ಮನೆ ಕೂತಿದ್ದ ಗೊಣಗಣ್ಣನ ಮೇಲೆ ಕಣ್ಣು ಬಿತ್ತು. ಥಟ್ಟನೆ ಹೊಳೀತು ನೋಡು. ಎದ್ದು ಅವನ ಹತ್ತಿರ ಹೋಗಿ, 'ಅಣ್ಣಾ, ದಾರ ತಗೊಂಡು ಬಾ' ಅಂದೆ. ಅವನು ಕದಲಲಿಲ್ಲ. 'ನನ್ನ ಕಣ್ಣಿಗೆ ಪೊರೆಯಲ್ವಾ' ಅಂದ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ತಪ್ಪಾಯ್ತು ಅಂದೆ. ಅವನು ಗೊಣಗಿಕೊಂಡೇ ಎದ್ದ.

ರಸ್ತೆಗೆ ಇಳಿದ್ವಿ. ಸೇತುವೆ ಕಂಬಕ್ಕೆ ಒಂದು ತುದಿ, ಮೋರಿ ಕಟ್ಟೆಗೆ ಒಂದು ತುದಿ. ದಾರ ಬಿಗಿದ. ಎರಡು ಕಡೆ ಕಲ್ಲು ದಾರಕ್ಕೆ ಅಂಟಿಕೊಂಡಿವೆ. ನಮ್ಮ ಮನೆಗಳ ಕೆಳಗೆ ಬರ್ತಾ ಬರ್ತಾ ದೂರ, ದೂರ, ನಡುಮಧ್ಯದಲ್ಲಿ ಒಂದೂವರೆ ಗೇಣು ಹೊಳೆ ಕಡೆಗೆ ಹೋಗಿವೆ. ಗೊಣಗಣ್ಣ ಕೇಳಿದ, 'ಈ ಸಾಲು ಇಟ್ಟೋರು ಯಾರು?' ನಾನು ಅಂದೆ, 'ನಾನೇ. ಜೂನ್ ಹದಿನಾಲ್ಕಕ್ಕೆ. ಡೈರಿಯಲ್ಲಿದೆ.' ಕಲ್ಲಿಗೆ ಕಾಲಿಲ್ಲ, ರಸ್ತೆಯೇ ಅಷ್ಟು ದೂರ ಹೋಗಿದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ರೋಲರ್ ಡ್ರೈವರ್ ದಾರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಎರಡು ಸಲ ಗೇಣು ಹಾಕಿ ನೋಡಿದ. ಎದ್ದವನೇ ಮನೆಗೆ ಹೋಗಿ ಹಾಸಿಗೆ ಸುತ್ತೋಕೆ ಶುರು ಮಾಡಿದ.

ಕತ್ತಲಾಗೋ ಮೊದಲು ಎಪ್ಪತ್ತೊಂದು ಜನ ಸೇತುವೆ ದಾಟಿದ್ವಿ. ಸೊಸೆಯನ್ನ ಗಾಡಿಯಲ್ಲಿ ಕೂರಿಸಿ ತಳ್ಳಿದ್ವಿ. ಇಂಜಿನಿಯರು ಮಾರನೇ ದಿನ ಬಂದು, ಯಾರನ್ನ ಕೇಳಿ ಖಾಲಿ ಮಾಡಿಸಿದೆ, ಕೆಲಸ ಬೇಕೋ ಬೇಡವೋ ಅಂತ ಕೂಗಾಡಿದರು. ದಾರ ತೋರಿಸಿದೆ. ರಸ್ತೆ ಬಂದ್ ಮಾಡಿಸಿ ಹೋದರು.

ಅಕ್ಕ


ಆಗಸ್ಟ್ 6

ಪುಟ್ಟಾ,

ಗುಡ್ಡ ಬಿದ್ದಿಲ್ಲ. ಇಪ್ಪತ್ತೈದು ದಿನ ಆಯ್ತು.

ಟಾರ್ಪಾಲಿನ ಕೆಳಗೆ ಎಪ್ಪತ್ತೊಂದು ಜನ. ಮಳೆ ಬಂದ್ರೆ ಹಾಸಿಗೆ ಒದ್ದೆ, ಬರದಿದ್ರೆ ಸೊಳ್ಳೆ. ಮಕ್ಕಳಿಗೆ ಕೆಮ್ಮು. ಹೊಳೆ ಆಚೆ ನಮ್ಮ ಮನೆಗಳು ಏನೂ ಆಗದ ಹಾಗೆ ನಿಂತಿವೆ, ಗೋಡೆಗೆ ಹಚ್ಚಿದ ಸುಣ್ಣ ಕೂಡ ಇಲ್ಲಿಂದ ಕಾಣುತ್ತೆ. ನಿನ್ನೆ ಇಬ್ಬರು ಹೆಂಗಸರು ಪಾತ್ರೆ ತರ್ತೀವಿ ಅಂತ ಹೋಗಿ ಅಲ್ಲೇ ಒಲೆ ಹಚ್ಚಿ ಅಡುಗೆ ಮಾಡ್ಕೊಂಡು ಬಂದರು. ಬೈಯೋಕೆ ಬಾಯಿ ಬರಲಿಲ್ಲ. ಮುಂದಿನ ವಾರ ವಾಪಸ್ ಹೋಗೋಣ ಅಂತ ಅರ್ಧ ಜನ ಮಾತಾಡಿಕೊಳ್ತಿದ್ದಾರೆ. ಯಾರೂ ನನ್ನ ಮುಖ ನೋಡಿ ಹೇಳಲ್ಲ.

ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳೋ ಹಾಗಿಲ್ಲ. ದಿನಾ ಬೆಳಗ್ಗೆ ಎದ್ದು ಗುಡ್ಡ ನೋಡ್ತೀನಿ. ಬಿದ್ದುಬಿಡಲಿ ಅನ್ನಿಸುತ್ತೆ. ಎಷ್ಟು ಜನರ ಮನೆ ಅದು. ನನ್ನ ಮಾತು ಉಳೀಲಿ ಅಂತ ಅವರ ಮನೆ ಬೀಳಲಿ ಅಂತ ಬೇಡಿಕೊಳ್ಳೋ ಸ್ಥಿತಿಗೆ ಬಂದಿದ್ದೀನಿ. ಎಂಥ ಹೆಂಗಸು ನಾನು.

ಅಕ್ಕ


ಆಗಸ್ಟ್ 12

ಪುಟ್ಟಾ,

ಬಿತ್ತು. ನಿನ್ನೆ ಬೆಳಗ್ಗೆ ಹತ್ತು ಮುಕ್ಕಾಲಿಗೆ. ಮಳೆಯೂ ಇರಲಿಲ್ಲ, ಬಿಸಿಲಿತ್ತು. ಮೊದಲು ಗಿಡಗಳು ನಡೆದುಬಂದ ಹಾಗೆ ಕಾಣಿಸ್ತು, ಸದ್ದು ಆಮೇಲೆ ಬಂತು. ಶಾಲೆ, ಹದಿನೆಂಟು ಮನೆ, ರಸ್ತೆ, ಒಂದೂ ಇಲ್ಲ. ನಿನ್ನ ಕರಿಬಂಡೆ ಹೊಳೆ ಮಧ್ಯೆ ಮಗುಚಿ ಬಿದ್ದಿದೆ. ಹೊಳೆ ಎರಡು ಗಂಟೆ ಕಟ್ಟಿಕೊಂಡು ಆಮೇಲೆ ಒಡೆದುಕೊಂಡು ಹೋಯ್ತು.

ಧೂಳಲ್ಲಿ ಯಾರೂ ಕಾಣ್ತಿರಲಿಲ್ಲ. ಹೆಸರು ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ. ಎಣಿಸಿದೆ, ಅರವತ್ತೊಂಬತ್ತು. ಅಡುಗೆ ಮಾಡೋಕೆ ಹೋಗ್ತಿದ್ದರಲ್ಲ, ಆ ಇಬ್ಬರು. ಸೇತುವೆ ಈ ಕಡೆ ಗೊಣಗಣ್ಣ ಅವರನ್ನ ತಡೆದು ಜಗಳ ಆಡ್ತಾ ನಿಂತಿದ್ದನಂತೆ. ಧೂಳು ಇಳಿದಾಗ ಮೂವರೂ ಬಿಳಿಬಿಳಿಯಾಗಿ ನಿಂತಿದ್ದರು. ಅವನನ್ನ ಮೊದಲೇ ಎಣಿಸಿಬಿಟ್ಟಿದ್ದೆ, ಅಷ್ಟು ಗಾಬರಿ. ಮತ್ತೆ ಎಣಿಸಿದೆ. ಎಪ್ಪತ್ತೊಂದು. ಮೂರನೇ ಸಲವೂ ಎಪ್ಪತ್ತೊಂದು.

ಸಂಜೆ ರೋಲರ್ ಡ್ರೈವರ್ ಬಂದು ನನ್ನ ಪಕ್ಕ ಕೂತ. ನನ್ನ ತಮ್ಮ ಸಹಿ ಹಾಕಿದ್ದು ತಪ್ಪು, ತಪ್ಪು ಅಂತ ಬರೆದದ್ದು ದೊಡ್ಡದು. ಅದನ್ನ ನಿನ್ನ ಮುಂದೆ ಹೇಳೋಕೆ ನಾಚಿಕೆ, ಅದಕ್ಕೆ ಬರೀತಿದ್ದೀನಿ. ಈಗ ನೀನು ನೆಮ್ಮದಿಯಾಗಿ ನಿದ್ದೆ ಮಾಡು.

ಅಕ್ಕ


ಆಗಸ್ಟ್ 18

ಅಕ್ಕಾ,

ಎಪ್ಪತ್ತೊಂದು ಅಂತ ಓದಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಚಿಕ್ಕ ಹುಡುಗನ ಹಾಗೆ ಅತ್ತೆ.

ಇಲ್ಲಿ ಎಲ್ಲರೂ ಕೈ ಕುಲುಕುತ್ತಿದ್ದಾರೆ. ಸಕಾಲಕ್ಕೆ ಎಚ್ಚರಿಕೆ ಕೊಟ್ಟೆವು ಅಂತ ದೊಡ್ಡ ಸಾಹೇಬರು ಪೇಪರಿನವರಿಗೆ ಹೇಳಿದ್ದಾರೆ. ಆ ಗುಡ್ಡದ ಫೈಲು ಮುಚ್ಚು ಅಂದರು. ಮುಚ್ಚಲು ಬೀರು ತೆಗೆದೆ.

ನಿದ್ದೆ ಮಾಡು ಅಂದೆಯಲ್ಲ. ಹೇಗೆ ಮಾಡಲಿ ಅಕ್ಕಾ. ಹೋದ ವರ್ಷ ನಾನು ಮೊಳೆ ಹೊಡೆದದ್ದು ಒಂದು ಗುಡ್ಡಕ್ಕಲ್ಲ, ಐದು ಗುಡ್ಡಕ್ಕೆ. ಐದಕ್ಕೂ ಒಂದೇ ಬಗೆಯ ವರದಿ, ಒಂದೇ ಸಹಿ. ಮಿಕ್ಕ ನಾಲ್ಕು ಕಡೆ ಬಂಡೆಯ ಗೀರು ಯಾವ ದಿಕ್ಕಿಗಿತ್ತು ಅಂತ ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಎರಡರಲ್ಲಿ ಬರೆದೇ ಇಲ್ಲ. ಇನ್ನೆರಡರಲ್ಲಿ ಬರೆದದ್ದನ್ನು ನಾನೇ ನಂಬಲಾರೆ. ನಾಲ್ಕರ ಕೆಳಗೂ ಜನ ವಾಪಸ್ ಬಂದಿದ್ದಾರೆ. ಸಾಹೇಬರಿಗೆ ಹೇಳಿದರೆ, ಒಂದು ಸಲ ಕಾಕತಾಳೀಯ, ಅದನ್ನೇ ಹಿಡಿದು ಎಲ್ಲ ಕಡೆ ಓಡಬೇಡ ಅಂದರು. ರಜೆ ಚೀಟಿ ಬರೆದು ಮೇಜಿನ ಮೇಲಿಟ್ಟೆ.

ಈ ಕಾಗದವನ್ನು ಇವತ್ತಿನ ಬಸ್ಸಿನ ಡ್ರೈವರ್ ಕೈಗೇ ಕೊಟ್ಟು, ನಾಳೆ ಮೊದಲ ಬಸ್ಸಿಗೆ ನಾನೂ ಹೊರಡುತ್ತೇನೆ. ಗೊಣಗಣ್ಣನನ್ನು ದಾರದ ಸಮೇತ ಕವಲುದಾರಿಯ ಸ್ಟಾಪಿಗೆ ಕಳಿಸು, ಅವನ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ ಅಂತ ಹೇಳು. ಯಾವ ಗುಡ್ಡಕ್ಕೆ ಮೊದಲು ಹೋಗಬೇಕೋ ಇನ್ನೂ ತೀರ್ಮಾನಿಸಲು ಆಗಿಲ್ಲ. ಪ್ರತಿ ಊರಿನಲ್ಲೂ ನಿನ್ನ ಹಾಗೆ ಒಬ್ಬರು ಟೇಪು ಹಿಡಿದು ಕಾರ್ಡು ಹಾಕುತ್ತಾರೆ. ಅವು ಬರಲಿ, ನೋಡಿ ತೀರ್ಮಾನಿಸೋಣ ಅಂತ ಮಧ್ಯಾಹ್ನದ ಟಪಾಲಿಗೆ ಕಾದೆ.

ನಾಲ್ಕೂ ಬಂದವು. ನಾಲ್ಕರಲ್ಲೂ ಬರೆದಿರುವುದು ಒಂದೇ: ವ್ಯತ್ಯಾಸವಿಲ್ಲ.

ಪುಟ್ಟ